ಡೇಮ್ ಆಗ್ನೆಸ್ ಅವರ ಒದ್ದೆ ಕಾಗದಗಳು

ನಮ್ಮ ಊರಿನಲ್ಲಿ ಡೇಮ್ ಆಗ್ನೆಸ್ ಥೊರಾಲ್ಡ್ ಅವರ ಹೆಸರೆತ್ತಿದರೆ ಇವತ್ತಿಗೂ ಯಾರಾದರೊಬ್ಬರು ಮುಖ ಸಿಂಡರಿಸುತ್ತಾರೆ. ಈ ಮೀನುಬಂದರಿನ ಪರವಾಗಿ ಬಹಳ ವರ್ಷ ಪಾರ್ಲಿಮೆಂಟಿನಲ್ಲಿ ಕೂತು, ರಾಣಿಯಿಂದ ಡೇಮ್ ಅನ್ನುವ ಬಿರುದು ಪಡೆದವರು ಅವರು. ನಮ್ಮವರು ಮೀನು ಹಿಡಿಯುತ್ತಿದ್ದ ಐಸ್‌ಲ್ಯಾಂಡಿನ ಸುತ್ತಲಿನ ನೀರನ್ನು ಆ ದೇಶಕ್ಕೆ ಬಿಟ್ಟುಕೊಡುವ ಮಾತು ಬಂದಾಗ ಎದ್ದು ನಿಂತು ಹೂಂ ಅಂದವರೂ ಅವರೇ. ಆಮೇಲೆ ಬಲೆ ಎಳೆಯುವ ನಮ್ಮ ದೊಡ್ಡ ಹಡಗುಗಳು, ಟ್ರಾಲರುಗಳು, ಒಂದೊಂದಾಗಿ ಗುಜರಿಗೆ ಹೋದವು. ಆಗ್ನೆಸ್ ತೀರಿಕೊಂಡಾಗ ಊರಿನಿಂದ ಒಂದು ಹೂವೂ ಹೋಗಲಿಲ್ಲ. ಅವರ ಕಾಗದಪತ್ರಗಳು ಮಾತ್ರ ಪೆಟ್ಟಿಗೆಗಟ್ಟಲೆ ಊರಿಗೆ ವಾಪಸು ಬಂದವು.

ಆ ಪೆಟ್ಟಿಗೆಗಳನ್ನು ಇಟ್ಟುಕೊಂಡಿರುವ ಪತ್ರಾಗಾರ ನನ್ನದು. ನನ್ನದು ಅಂದರೆ ಊರಿನದು, ಬೀಗದಕೈ ನನ್ನದು. ಹೆಸರು ಬ್ರೆಂಡಾ ಗಾರ್ಬಟ್. ನಾಲಿಗೆ ಸ್ವಲ್ಪ ಉದ್ದ ಅಂತ ಹೇಳುತ್ತಾರೆ, ಹೇಳಲಿ. ನನಗಿಂತ ಮೊದಲು ಇದ್ದವರು ಡೇಮ್ ಆಗ್ನೆಸ್ ಅವರ ಪೆಟ್ಟಿಗೆಗಳನ್ನು ನೆಲಮಾಳಿಗೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿಗೆ ತಳ್ಳಿದ್ದರು. ಕೇಳುವವರಿಲ್ಲದ ಕಾಗದಕ್ಕೆ ಮೇಲಿನ ಜಾಗ ಯಾಕೆ ಅನ್ನುವುದು ಅವರ ಲೆಕ್ಕ. ಊರಿನ ಸಿಟ್ಟು ಕಪಾಟಿನವರೆಗೂ ಇಳಿದಿತ್ತು.

ಹಾಗಾಗಿ ಆ ಜನವರಿಯಲ್ಲಿ ಸಮುದ್ರ ಉಕ್ಕಿ, ಬೀದಿಯ ಚರಂಡಿಗಳು ತಿರುಗಿ ಹರಿದು, ನೀರು ನಮ್ಮ ನೆಲಮಾಳಿಗೆಗೆ ನುಗ್ಗಿದಾಗ ಮುಳುಗಿದ್ದು ಆಗ್ನೆಸ್ ಒಬ್ಬರ ಕಾಗದಗಳೇ. ಹಡಗಿನ ಒಡೆಯರ ನಕ್ಷೆಗಳು, ಮೇಯರುಗಳ ಭಾಷಣಗಳು, ಚರ್ಚಿನ ಪಾದ್ರಿಗಳ ಜಂಬ, ಎಲ್ಲವೂ ಮೇಲಿನ ಸಾಲಿನಲ್ಲಿ ಬೆಚ್ಚಗಿದ್ದವು. ಬೆಳಿಗ್ಗೆ ಮೆಟ್ಟಿಲಿಳಿದು ಮೊಣಕಾಲುದ್ದ ಕಪ್ಪು ನೀರಿನಲ್ಲಿ ನಿಂತಾಗ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು.

ಒದ್ದೆ ಕಾಗದವನ್ನು ಬೆಂಕಿಯ ಮುಂದೆ ಹಿಡಿದು ಒಣಗಿಸಲು ಹೋದರೆ ಮುಗಿಯಿತು. ಹಾಳೆಗೆ ಹಾಳೆ ಅಂಟಿಕೊಂಡು ಇಟ್ಟಿಗೆಯಾಗುತ್ತದೆ, ಸುಮ್ಮನೆ ಬಿಟ್ಟರೆ ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಇರುವುದು ಒಂದೇ ದಾರಿ. ಇದ್ದದ್ದು ಇದ್ದ ಹಾಗೇ ಹೆಪ್ಪುಗಟ್ಟಿಸಿಬಿಡಬೇಕು. ಆಮೇಲೆ, ತಿಂಗಳುಗಳಾದರೂ ಸರಿ, ಗಾಳಿ ತೆಗೆದ ದೊಡ್ಡ ಕೊಪ್ಪರಿಗೆಯಲ್ಲಿಟ್ಟು ಆ ಮಂಜುಗಡ್ಡೆಯನ್ನು ನೀರಾಗಲು ಬಿಡದೆ ಹಬೆಯಾಗಿಸಿ ತೆಗೆಯುವ ಜನರಿದ್ದಾರೆ. ಆದರೆ ಇಷ್ಟು ಪೆಟ್ಟಿಗೆಗಳನ್ನು ಅದೇ ದಿನ ಹೆಪ್ಪುಗಟ್ಟಿಸುವಷ್ಟು ದೊಡ್ಡ ಶೀತಲಗೃಹ ನಮ್ಮ ಊರಿನಲ್ಲಿ ಇದ್ದದ್ದು ಒಂದೇ. ಅದು ಹಡಗುಕಟ್ಟೆಯ ನೆವಿಲ್ ಸ್ಟಾಂಪರನ ಮೀನಿನ ಶೀತಲಗೃಹ.

ನೆವಿಲ್ ಅರವತ್ತು ದಾಟಿದ ಆಸಾಮಿ, ಬಿಳಿ ರಬ್ಬರ್ ಬೂಟು, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ನಾನು ಹೇಳಿದ್ದನ್ನೆಲ್ಲ ಕೇಳಿ ಟವೆಲ್ಲಿನಲ್ಲಿ ಕೈ ಒರೆಸಿಕೊಂಡ.

"ಯಾರ ಕಾಗದ ಅಂದ್ರಿ?"

"ಆಗ್ನೆಸ್ ಥೊರಾಲ್ಡ್."

"ಮೇಡಂ, ನನ್ನ ಹ್ಯಾಡಕ್ ಮೀನಿಗೂ ಒಂದು ಮರ್ಯಾದೆ ಇದೆ. ಆ ಹೆಂಗಸಿನ ಕಾಗದದ ಪಕ್ಕ ಅದನ್ನ ಮಲಗಿಸೋಕಾಗಲ್ಲ."

ಅವನ ಹಿಂದೆ ನಿಂತು ಮೀನು ಸೀಳುತ್ತಿದ್ದವರು ಗೊಳ್ಳೆಂದು ನಕ್ಕರು. ಒಬ್ಬ, "ಕೊಳೀಲಿ ಬಿಡಿ ಮೇಡಂ, ನಮ್ಮ ದೋಣಿಗಳು ಕೊಳೀಲಿಲ್ವಾ" ಅಂದ.

ನಾನು ಬೆಳಗಿನಿಂದ ಚರಂಡಿ ನೀರಿನಲ್ಲಿ ನಿಂತು ಬಂದವಳು. ಕಾಲುಚೀಲದಿಂದ ಇನ್ನೂ ನೀರು ಸೋರುತ್ತಿತ್ತು.

"ನೆವಿಲ್, ಸ್ವಲ್ಪ ಬುದ್ಧಿ ಓಡಿಸು" ಅಂದೆ. "ನೀನು ಒಂದು ಕಾಗದ ಬರೆದು ಅಂಚೆಗೆ ಹಾಕಿದ್ರೆ ಅದು ಯಾರ ಮನೇಲಿರುತ್ತೆ? ನಿನ್ನ ಮನೇಲೋ, ಅದು ತಲುಪಿದವರ ಮನೇಲೋ? ಅವಳು ಬರೆದ ಕಾಗದ ಒಂದೂ ನನ್ನ ಹತ್ರ ಇಲ್ಲ ಕಣಯ್ಯ. ನನ್ನ ಹತ್ರ ಇರೋದು ಅವಳಿಗೆ ಬಂದದ್ದು. ಈ ಹಡಗುಕಟ್ಟೆಯ ಹೆಂಗಸರು ಅಡುಗೆಮನೆ ಮೇಜಿನ ಮೇಲೆ ಕೂತು ಬರೆದದ್ದು. ಅವಳ ಮೇಲಿನ ಸಿಟ್ಟಿಗೆ ನೀನು ಕೊಳೆಯೋಕೆ ಬಿಡ್ತಿರೋದು ನಿನ್ನ ಊರನ್ನ."

ನಗು ನಿಂತಿತು. ನೆವಿಲ್ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಮಾತು ಬಂದದ್ದು ಅವನ ಹಿಂದಿನ ಗಾಜಿನ ಕೋಣೆಯಿಂದ. ಅಲ್ಲಿ ಹೀಟರಿನ ಪಕ್ಕ ಅವನ ತಾಯಿ ವಿನ್ನಿ ಕೂತಿದ್ದರು. ಎಂಬತ್ತು ದಾಟಿದ ಮುದುಕಿ. ಮನೆಯಲ್ಲಿ ಹೊತ್ತು ಹೋಗುವುದಿಲ್ಲವೆಂದು ದಿನಾ ಬಂದು ಕೂತು, ಚಹಾ ಕುಡಿಯುತ್ತ, ಆಳುಗಳ ತಪ್ಪು ಹುಡುಕುವುದು ಅವರ ಕೆಲಸ.

"ಲಿಂಡಿಸ್ ಪ್ರೈಡ್ ಮುಳುಗಿದ ವಾರದ ಕಾಗದಗಳೂ ಇದಾವೇನೇ ಅದರಲ್ಲಿ?"

ಲಿಂಡಿಸ್ ಪ್ರೈಡ್ ನಮ್ಮ ಊರಿನ ಟ್ರಾಲರು. ಅರವತ್ತು ವರ್ಷದ ಹಿಂದೆ, ಒಂದು ಚಳಿಗಾಲ, ಐಸ್‌ಲ್ಯಾಂಡಿನ ಉತ್ತರಕ್ಕೆ ಅದರ ಮೇಲೆ ಮಂಜುಗಡ್ಡೆ ಕಟ್ಟಿ, ಭಾರಕ್ಕೆ ಮಗುಚಿತು. ಒಬ್ಬರೂ ವಾಪಸು ಬರಲಿಲ್ಲ. ವಿನ್ನಿಯ ಗಂಡ ವಾಲ್ಟ್ ಅದರಲ್ಲಿದ್ದ. ನೆವಿಲ್ ಆಗ ಕೈಗೂಸು.

"ಇದಾವೆ" ಅಂದೆ. "ಆ ವಾರದ್ದೇ ಒಂದು ಪೆಟ್ಟಿಗೆ ಇದೆ."

"ನಾನೊಂದು ಬರೆದಿದ್ದೆ" ಅಂದರು ವಿನ್ನಿ.

ನೆವಿಲ್ ತಿರುಗಿ ನೋಡಿದ. "ನೀನಾ? ಅವಳಿಗಾ?"

"ಆಗ ಅವಳು ಏನೂ ಮಾರಿರಲಿಲ್ಲ. ಸುಮ್ನೆ ಬಾಗಿಲು ತೆಗಿಯೋ."

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹತ್ತು ನಿಮಿಷದ ಹಿಂದೆ ನಕ್ಕವರೇ ಏಪ್ರನ್ನು ಕಳಚದೆ ನನ್ನ ಹಿಂದೆ ಬಂದರು. ಪತ್ರಾಗಾರದ ಮೆಟ್ಟಿಲಿನಿಂದ ಬೀದಿಯಲ್ಲಿ ನಿಂತ ಲಾರಿಯವರೆಗೆ ಸಾಲಾಗಿ ನಿಂತು, ಮೀನಿನ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಒದ್ದೆ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮೊದಮೊದಲು ಬೈಗುಳ, ತಮಾಷೆ. ಯಾವುದೋ ಒಂದು ಪೆಟ್ಟಿಗೆಯ ತಳ ಕಿತ್ತು ಲಕೋಟೆಗಳು ಹೊರಬಿದ್ದವು. ಬಗ್ಗಿ ಎತ್ತಿದವನು ಹಿಂಬದಿಯ ವಿಳಾಸ ಓದಿ, "ಇದು ನಮ್ಮಜ್ಜಿ ಬೀದಿ" ಅಂದ. ಆಮೇಲೆ ಸಾಲಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಮಗುವನ್ನು ಎತ್ತಿಕೊಡುವ ಹಾಗೆ ಕೊಟ್ಟರು, ಹಾಗೇ ತೆಗೆದುಕೊಂಡರು.

ಕೊನೆಯ ಕ್ರೇಟು ಒಳಗೆ ಹೋಗುವಾಗ ನಾನೂ ಒಳಗೆ ಹೋದೆ. ಎದೆಯೊಳಗಿನ ಉಸಿರೇ ಗಟ್ಟಿಯಾಗುವಂಥ ಚಳಿ. ಚಾವಣಿಯವರೆಗೆ ಮೀನಿನ ರಾಶಿ, ಅದರ ನಡುವೆ ನಮ್ಮ ಕ್ರೇಟುಗಳು. ಒಂದರ ಮೇಲಿನ ಒದ್ದೆ ಹಾಳೆ ನನ್ನ ಕಣ್ಣೆದುರಿಗೇ ಬೆಳ್ಳಗಾಗುತ್ತ, ಅಂಚಿನಿಂದ ನಡುವಿಗೆ ಹಿಮದ ಗೆರೆಗಳು ಹಬ್ಬಿದವು. ದೇವರು ದಿಂಡರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ. ಆದರೂ ಅಲ್ಲಿ ಟೋಪಿ ತೆಗೆಯಬೇಕು ಅನ್ನಿಸಿತು, ತೆಗೆದೆ. ಲಿಂಡಿಸ್ ಪ್ರೈಡಿನ ಗಂಡಸರನ್ನು ತಿಂದದ್ದೂ ಇದೇ ಚಳಿ, ಅವರ ಹೆಂಡಂದಿರ ಮಾತನ್ನು ಉಳಿಸಲು ಹೊರಟಿರುವುದೂ ಇದೇ ಚಳಿ.

ಹೊರಗೆ ಬಂದಾಗ ವಿನ್ನಿ ನನಗೆ ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿದರು.

"ನಿನಗೊಂದು ಮಾತು ಹೇಳ್ತೀನಿ ಕಣೆ, ನೆವಿಲ್‌ಗೆ ಹೇಳ್ಬೇಡ. ಆ ವಾರ ನನ್ನ ತಲೇಲಿಲ್ಲ. ಹಡಗಿನ ವೈರ್‌ಲೆಸ್ ನಿಂತುಹೋಯ್ತು ಅಂತ ಹಡಗಿನ ಆಫೀಸಿನವರು ಬಂದು ಹೇಳಿದ್ದು ಗೊತ್ತು. ಆಮೇಲಿಂದು ಏನೂ ಇಲ್ಲ, ಹೊಗೆ ಹಾಗೆ. ಕೂತು ಬರೆದದ್ದು ಗೊತ್ತು, ಏನು ಬರೆದೆ ಅಂತ ಗೊತ್ತಿಲ್ಲ. ಆದರೆ ನಮ್ಮತ್ತೆ ನೋಡ್ತಾ ಇದ್ರು."

"ಏನಂತಿದ್ರು ಅವರು?"

"ವಿಧವೆ ಪಿಂಚಣಿ ಕೇಳಿ ಬರೆದೆ ಅಂತ. ಇನ್ನೂ ಹುಡುಕ್ತಾ ಇದ್ದಾಗ್ಲೇ, ಅವನು ಸತ್ತ ಅಂತ ಕಾಗದದಲ್ಲಿ ಬರೆದುಕೊಟ್ಟೆ ಅಂತ. 'ನನ್ನ ಮಗನ್ನ ಸಮುದ್ರ ಕೊಲ್ಲೋಕ್ಕಿಂತ ಮುಂಚೆ ನೀನು ಕೊಂದೆ' ಅಂತಿದ್ರು. ಸಾಯೋವರೆಗೂ ಅಂದ್ರು. ಇಲ್ಲ ಅನ್ನೋಕೆ ನನ್ನ ಹತ್ರ ಏನಿತ್ತು? ನೆನಪೇ ಇಲ್ಲವಲ್ಲ." ಅವರು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು. "ಅವನನ್ನ ನಾನು ಅಷ್ಟು ಬೇಗ ಬಿಟ್ಟುಬಿಟ್ನಾ ಅಂತ ಒಂದು ಗೊತ್ತಾದ್ರೆ ಸಾಕು. ಹೌದಾದ್ರೆ ಹೌದು. ಗೊತ್ತಾಗ್ಲಿ."

ಕಾಗದ ಒಣಗಿ ಬಂದ ದಿನವೇ ಹೇಳುತ್ತೇನೆ ಅಂದೆ. ಅಷ್ಟು ಧೈರ್ಯವಾಗಿ ಮಾತು ಕೊಡಬಾರದಿತ್ತು ಅಂತ ಆಗಲೇ ಒಳಗೆಲ್ಲೋ ಅಳುಕಿತ್ತು.

ಒಣಗಿಸುವವರಿಂದ ಪೆಟ್ಟಿಗೆಗಳು ವಾಪಸು ಬಂದದ್ದು ಮೇ ತಿಂಗಳಲ್ಲಿ. ಕಾಗದಗಳು ಹಪ್ಪಳದ ಹಾಗೆ ಹಗುರ, ಸ್ವಲ್ಪ ಸೊಟ್ಟ, ಮೀನಿನ ವಾಸನೆ ಅಷ್ಟೇನೂ ಇಲ್ಲ. ಹಾಳೆಯಿಂದ ಹಾಳೆ ಬಿಡಿಸುತ್ತ ಹೋದಂತೆ ನಾನು ಕುರ್ಚಿಯಲ್ಲಿ ಕೂತೇ ಇರಲಾರದೆ ಎದ್ದು ಎದ್ದು ಓಡಾಡಿದೆ. ಪೆನ್ಸಿಲ್ಲಿನಲ್ಲಿ ಬರೆದದ್ದು ಉಳಿದಿತ್ತು. ಬಾಲ್‌ಪೆನ್ನಿನದೂ ಉಳಿದಿತ್ತು. ಮಗನಿಗೆ ಕೆಲಸ ಕೊಡಿಸಿ ಅಂದವಳು, ಮನೆ ಸೋರುತ್ತದೆ ಅಂದವಳು, ಗಂಡ ಹೊಡೆಯುತ್ತಾನೆ, ಆದರೆ ಅವನಿಗೆ ತಿಳಿಯಬಾರದು ಅಂದವಳು. ಬೀದಿಯಲ್ಲಿ ದಿನಾ ನೋಡಿ ತಲೆಯಾಡಿಸಿದ ಅಜ್ಜಿಯಂದಿರು ಇವರು. ಇಡೀ ಒಂದು ಊರು ತನ್ನ ಹೊಟ್ಟೆಯೊಳಗಿನದನ್ನು ಒಬ್ಬಳೇ ಹೆಂಗಸಿನ ಮುಂದೆ ಬಿಚ್ಚಿಟ್ಟಿತ್ತು. ಓದಿ ಓದಿ ನನಗೆ ಮಾತೇ ಹೊರಡದಾಯಿತು, ಅದು ಅಪರೂಪ.

ಲಿಂಡಿಸ್ ಪ್ರೈಡಿನ ಪೆಟ್ಟಿಗೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಹೆಚ್ಚಿನವರು ಬರೆದದ್ದು ನೀಲಿ ಶಾಯಿಯಲ್ಲಿ. ಬಟ್ಟೆಗೆ ತಾಗಿದರೂ ಒಗೆದರೆ ಹೋಗುತ್ತದೆ ಎಂದು ಆಗ ಮನೆಮನೆಗೆ ಮಾರುತ್ತಿದ್ದ ಶಾಯಿ. ಮಾತಿಗೆ ತಪ್ಪಲಿಲ್ಲ, ಹೋಗಿಬಿಟ್ಟಿತ್ತು. ಹಾಳೆಯ ಮೇಲೆ ಹಾಳೆ, ಬರೀ ತಿಳಿನೀಲಿ ಕಲೆ.

ವಿನ್ನಿ ಬಂದರು. ಜೊತೆಗೆ ನೆವಿಲ್ಲೂ ಬಂದ, ತಲೆ ಬಾಚಿಕೊಂಡು, ಚರ್ಚಿಗೆ ಬಂದವನ ಹಾಗೆ. ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. ಮುಚ್ಚಿಡುವುದು ನನ್ನಿಂದಾಗುವುದಿಲ್ಲ.

"ಇದೇ ನಿಮ್ಮದು. ಅಕ್ಷರ ಒಂದೂ ಉಳಿದಿಲ್ಲ ವಿನ್ನಿ."

ಅವರು ಕನ್ನಡಕ ಏರಿಸಿ, ಇಳಿಸಿ, ಬಗ್ಗಿ, ಬೆರಳಿನಿಂದ ಹಾಳೆಯನ್ನು ಮುಟ್ಟಿದರು. ಪೆನ್ನು ಒತ್ತಿದ ಗೀರುಗಳು ಅಲ್ಲಲ್ಲಿ ಬೆರಳಿಗೆ ಸಿಗುತ್ತವೆ, ಓದಲು ಸಿಗುವುದಿಲ್ಲ. ದೀಪವನ್ನು ಅಡ್ಡಕ್ಕೆ ಹಿಡಿದು ನಾನು ಒಂದು ವಾರ ಪ್ರಯತ್ನಿಸಿ ಸೋತಿದ್ದೆ.

"ಹಡಗು ಹೊರಟ ದಿನ ಬಟ್ಟೆ ಒಗೀಬಾರದು" ಅಂದರು ವಿನ್ನಿ. "ಒಗೆದ್ರೆ ಗಂಡನ್ನ ಸಮುದ್ರ ಒಗೆದುಕೊಂಡು ಹೋಗುತ್ತೆ. ನಾನು ಒಗೆದಿರಲಿಲ್ಲ. ಮಗೂದು ಒಂದು ಕಾಲುಚೀಲಾನೂ ಒಗೆದಿರಲಿಲ್ಲ. ಆದರೂ ನೋಡು."

ನೆವಿಲ್ ಕಿಟಕಿಯ ಕಡೆ ತಿರುಗಿ ನಿಂತ. ನಾನು ಹಾಳೆಯನ್ನೇ ನೋಡುತ್ತಿದ್ದೆ. ಮೇಲಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಸಣ್ಣ ಸಾಲುಗಳಿದ್ದವು, ಬೇರೆ ಯಾರದೋ ಕೈಬರಹ. ಒಂದು, ಶ್ರೀಮತಿ ಸ್ಟಾಂಪರ್ ಅನ್ನುವ ಹೆಸರು. ಹಾಳೆ ಯಾರದೆಂದು ನಾನು ಗುರುತಿಸಿದ್ದು ಅದರಿಂದಲೇ. ಅದರ ಕೆಳಗೆ, 'ಉತ್ತರ ಕೊಟ್ಟಿದೆ'.

"ವಿನ್ನಿ, ಅವರು ನಿಮಗೆ ಉತ್ತರ ಬರೆದಿದ್ರಾ?"

"ಬರೆದಿದ್ದಳು."

"ಏನಂತ?"

"ಹುಡುಕೋದು ನಿಲ್ಲಿಸಿದಾರೆ ಅಂತ. ಬಿಚ್ಚಿದ ಕೂಡಲೇ ಆ ಮಾತೇ ಕಣ್ಣಿಗೆ ಬಿತ್ತು. ಮಡಿಸಿ ಇಟ್ಟುಬಿಟ್ಟೆ. ಇನ್ನೇನು ಓದೋಕಿತ್ತು?" ಕನ್ನಡಕ ಮಡಿಸುತ್ತ ಅಂದರು, "ಉಳಿದೋರೆಲ್ಲ ನಮಗೆ ಸುಳ್ಳು ಹೇಳ್ತಿದ್ರು ಕಣೆ. ಆಫೀಸಿನೋರು, ಪಾದ್ರಿ, ಎಲ್ಲ. ಇವತ್ತು ಸಿಕ್ತಾರೆ, ನಾಳೆ ಸಿಕ್ತಾರೆ. ನೇರವಾಗಿ ಹೇಳಿದೋಳು ಅವಳೊಬ್ಬಳೇ. ಅದಕ್ಕೇ ಆಮೇಲೆ ಅವಳು ನಮ್ಮನ್ನ ಮಾರಿದಾಗ ನನಗೆ ಎಲ್ಲರಿಗಿಂತ ಹೆಚ್ಚು ಉರೀತು."

"ಆ ಕಾಗದ ಏನು ಮಾಡಿದ್ರಿ?"

"ಇದೆ."

ನೆವಿಲ್ ಕಿಟಕಿಯಿಂದ ತಿರುಗಿದ. "ಇದೆಯಾ? ಅಮ್ಮ, ಟಿವಿಯಲ್ಲಿ ಅವಳ ಮುಖ ಬಂದ್ರೆ ಚಪ್ಪಲಿ ಎಸೀತಿದ್ದೆ ನೀನು."

"ಎಸೆದಿದ್ದು ಚಪ್ಪಲಿ. ಕಾಗದ ಯಾರಾದ್ರೂ ಎಸೀತಾರೇನೋ."

ಮುಂದೆ ಇಡೀ ಊರಿನಲ್ಲಿ ಇದೇ ಕಥೆಯಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಆ ಬೇಸಿಗೆಯೆಲ್ಲ ಜನ ಬಂದರು. ದಿಂಬಿನ ಚೀಲದಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆಯ ಬೈಬಲ್ಲಿನ ಹಾಳೆಗಳ ನಡುವೆ ಇಟ್ಟುಕೊಂಡಿದ್ದ ಆಗ್ನೆಸ್ ಅವರ ಉತ್ತರಗಳನ್ನು ತಂದು ಮೇಜಿನ ಮೇಲಿಟ್ಟು, ಕಳ್ಳಮಾಲು ಒಪ್ಪಿಸುವವರ ಹಾಗೆ ಅತ್ತಿತ್ತ ನೋಡುತ್ತಿದ್ದರು. ಅವಳ ಹೆಸರಿಗೆ ಉಗುಳುತ್ತಿದ್ದ ಊರು ಅವಳ ಒಂದೊಂದು ಅಕ್ಷರವನ್ನೂ ಕಾಪಾಡಿಕೊಂಡು ಬಂದಿತ್ತು. ಪಕ್ಕದ ಮನೆಯವರೂ ಇಟ್ಟುಕೊಂಡಿದ್ದಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಕಾಗದಗಳ ನಡುವೆ ಬದುಕಿದವಳು ನಾನು. ಮನುಷ್ಯರು ಹೀಗೆ ಅಂತ ನನಗೂ ಗೊತ್ತಿರಲಿಲ್ಲ.

ಮೊದಲು ಬಂದದ್ದು ವಿನ್ನಿಯದು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ತಾಯಿ, ಮಗ ಹೊರಗೆ ನಿಂತಿದ್ದರು. ತರಕಾರಿ ಚೀಲದೊಳಗೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕರವಸ್ತ್ರ, ಅದರೊಳಗೆ ಲಕೋಟೆ. ಒಂದೇ ಸಲ ಬಿಚ್ಚಿ ಒಂದೇ ಸಲ ಮಡಿಸಿದ ಕಾಗದ, ಮಡಿಕೆ ಇನ್ನೂ ಹರಿತವಾಗಿತ್ತು.

"ನನ್ನ ಕಣ್ಣಿಗೆ ಕಾಣಲ್ಲ" ಅಂದರು ವಿನ್ನಿ. "ನೀನೇ ಓದು."

ಬಿಡಿಸಿದೆ. ಕಪ್ಪು ಶಾಯಿ, ನೆಟ್ಟಗಿನ ಅಕ್ಷರ, ಒಂದೇ ಪುಟ. 'ನಿಲ್ಲಿಸಿದ್ದಾರೆ' ಅನ್ನುವ ಮಾತು ಪುಟದ ಕೊನೆಯ ಸಾಲುಗಳಲ್ಲಿತ್ತು, ಅದರಡಿ ಗೆರೆ ಎಳೆದಿದ್ದರು. ಮೊದಲು ಕಣ್ಣಿಗೆ ಬೀಳುವುದು ಅದೇ. ನಾನು ಮೇಲಿನಿಂದ ಶುರುಮಾಡಿದೆ.

'ಪ್ರಿಯ ಶ್ರೀಮತಿ ಸ್ಟಾಂಪರ್, ನಿಮ್ಮ ಕಾಗದದ ಮಾತುಗಳನ್ನು ಮೊದಲು ಇಲ್ಲಿ ನಕಲು ಮಾಡುತ್ತೇನೆ. ನನಗೆ ಬರೆದವರಿಗೆಲ್ಲ ಹೀಗೇ ಮಾಡುತ್ತೇನೆ. ನಾನು ನಿಜವಾಗಿ ಓದಿದ್ದೇನೆಂದು ನಿಮಗೆ ತಿಳಿಯಬೇಕು. ನೀವು ಬರೆದದ್ದು ಇದು...'

ಅಲ್ಲಿ ನಿಲ್ಲಿಸಿ ತಲೆಯೆತ್ತಿದೆ. ವಿನ್ನಿ ಮೇಜಿನ ಅಂಚನ್ನು ಹಿಡಿದುಕೊಂಡರು.

"ಓದು" ಅಂದರು. "ಏನಿದ್ರೂ ಓದು."

ಓದಿದೆ.

'ಮೇಡಂ, ಅವರು ಒಂದು ಸಲ ಹೋಗಿ ನೋಡಿ ಬಂದಿದ್ದಾರೆ, ಏನೂ ಕಾಣಲಿಲ್ಲ, ಇನ್ನು ಸಾಕು ಅನ್ನುತ್ತಿದ್ದಾರಂತೆ. ಅವರಿಗೆ ನನ್ನ ಗಂಡನ ಸ್ವಭಾವ ಗೊತ್ತಿಲ್ಲ. ಒಂದೇ ಸಲ ಕರೆದರೆ ವಾಲ್ಟ್ ಬರುವವನಲ್ಲ. ಯಾವತ್ತೂ ಬಂದಿಲ್ಲ. ದಯವಿಟ್ಟು ಇನ್ನೊಂದು ಸಲ ಕರೆಯಲು ಹೇಳಿ.'

ಕಾಗದವನ್ನು ಮೇಜಿನ ಮೇಲಿಟ್ಟು ಮುಂದಿನದನ್ನು ಓದಿದೆ.

'ಇದನ್ನು ಒಂದು ಅಕ್ಷರ ಬದಲಿಸದೆ ವಾಯುಪಡೆಯ ಅಧಿಕಾರಿಗೆ ಫೋನಿನಲ್ಲಿ ಓದಿ ಹೇಳಿದೆ. ಹುಡುಕುವ ವಿಮಾನ ಇನ್ನೊಮ್ಮೆ ಹೋಯಿತು. ಅದು ಹೋದದ್ದು ನಿಮ್ಮ ಕಾಗದದಿಂದ, ಬೇರೆ ಯಾವುದರಿಂದಲೂ ಅಲ್ಲ. ನಿನ್ನೆ ಸಂಜೆ ವಾಪಸು ಬಂದಿದೆ. ಏನೂ ಸಿಗಲಿಲ್ಲ. ಈಗ ಹುಡುಕುವುದನ್ನು ನಿಲ್ಲಿಸಿದ್ದಾರೆ. ನಿಮಗೆ ಇದನ್ನು ಯಾರೂ ಹೇಳುವುದಿಲ್ಲವೆಂದು ನಾನು ಹೇಳುತ್ತಿದ್ದೇನೆ. ಅವರನ್ನು ಎರಡನೇ ಸಲ ಕರೆದರು, ಶ್ರೀಮತಿ ಸ್ಟಾಂಪರ್.'

ವಿನ್ನಿ ಅಳಲಿಲ್ಲ. ಬಾಯಿ ಸ್ವಲ್ಪ ತೆರೆದು, ನಾನು ಓದಿ ಮುಗಿಸಿದ ಮೇಲೂ ಕೇಳುತ್ತಲೇ ಇದ್ದವರ ಹಾಗೆ ಕೂತಿದ್ದರು. ಅವರ ಎದುರು ಕೂರಲು ನನಗೆ ಸಂಕೋಚವಾಯಿತು. ಇಪ್ಪತ್ತೆರಡರ ಹುಡುಗಿ, ತೊಟ್ಟಿಲಲ್ಲಿ ಕೂಸು, ಬೆನ್ನ ಹಿಂದೆ ಅತ್ತೆ. ಅವಳ ಒಂದು ಮಾತಿಗೆ ಒಂದು ವಿಮಾನ ಐಸ್‌ಲ್ಯಾಂಡಿನಾಚೆಯ ಮಂಜಿನೊಳಗೆ ಎರಡನೇ ಸಲ ಹಾರಿತ್ತು.

ನೆವಿಲ್‌ನ ದನಿ ಚಿಕ್ಕ ಹುಡುಗನ ದನಿಯ ಹಾಗೆ ಬಂತು.

"ಅಪ್ಪ ಹಾಗಾ ಅಮ್ಮ? ಕರೆದ್ರೆ ಬರ್ತಿರಲಿಲ್ವಾ?"

"ಊಟಕ್ಕೂ ಬರ್ತಿರಲಿಲ್ಲ" ಅಂದರು ವಿನ್ನಿ. "ನೀನೂ ಹಾಗೇ."

ಆಮೇಲೆ ನನ್ನ ಕಡೆ ತಿರುಗಿ, ಕಾಗದವನ್ನು ಬೆರಳಿನಿಂದ ನನ್ನತ್ತ ತಳ್ಳಿದರು.

"ನಾನು ಬರೆದದ್ದಿದೆಯಲ್ಲ, ಅದಷ್ಟನ್ನೇ ಇನ್ನೊಂದು ಸಲ ಓದು ಮಗಳೇ. ಜೋರಾಗಿ ಓದು."